ನಾ ಹಾಡಿದ್ಹಂಗ ಹಾಡ್ರಿ

ನಮ್ಮ ಮನೆಯಲ್ಲಿ ನನ್ನದೊಂದು ಪೇಟಿ ಇತ್ತು. (ಇತ್ತು ಎಂದೆನಲ್ಲ, ಅದೇ ನನ್ನ ದುಃಖ. ಪೇಟಿ ಈಗಲೂ ಅದೇ ಮನೆಯಲ್ಲಿದೆ, ಅದೇ ಗೂಡಿನಲ್ಲಿದೆ. ಆದರೆ ನಾನು ಅದನ್ನು ಮುಟ್ಟಬೇಕಾದರೆ ಹೆಂಡತಿಯ ಅಪ್ಪಣೆ ಬೇಕು.) ಇದು ಹೇಗಾಯಿತೆಂದು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ. ಆದದ್ದು ಆಗಿ ತಿಂಗಳಾಯಿತು, ನನ್ನ ಎದೆಯ ಧಸಕು ಇನ್ನೂ ಇಳಿದಿಲ್ಲ.

ಪೇಟಿ ಎಂದರೆ ಹಾರ್ಮೋನಿಯಂ. ಗಂಗಾವತಿಯಲ್ಲಿ ಬಾಗಿಲು ಹಾಕಿದ ಒಂದು ನಾಟಕ ಕಂಪನಿಯಿಂದ ನಮ್ಮ ಅಪ್ಪ ತಂದದ್ದು. ಅಪ್ಪ ಮೂವತ್ತು ವರ್ಷ ಹನುಮಸಾಗರದ ನಮ್ಮ ಓಣಿಯ ಭಜನಾ ಮೇಳದ ಮುಂದಾಳು. ಅವನು ಒಂದು ಸಾಲು ಎತ್ತಿದರೆ ಹಿಂದೆ ಕೂತ ಹಿಮ್ಮೇಳದವರು ಅದನ್ನೇ ಎರಡು ಸಲ ಹೇಳುತ್ತಿದ್ದರು. ಅವನ ನಂತರ ಬೀಜ-ಗೊಬ್ಬರದ ಅಂಗಡಿ, ಪೇಟಿ, ಮುಂದಾಳುತನ ಮೂರೂ ಕರಿಬಸಪ್ಪನೆಂಬ ನನಗೆ ಬಂದವು. ದನಿಯೊಂದು ಬರಲಿಲ್ಲ ಎಂಬುದು ನನ್ನ ಹೆಂಡತಿ ಶೈಲಜಾಳ ಅಭಿಪ್ರಾಯ.

ಈ ಶೈಲಜಾ ಮೂರು ವರ್ಷದ ಹಿಂದೆ ಪಕ್ಕದ ಮನೆಯ ದ್ರಾಕ್ಷಾಯಿಣಿಯನ್ನು ಕಟ್ಟಿಕೊಂಡು ಹೆಂಗಸರದೇ ಒಂದು ಮೇಳ ಮಾಡಿದಳು. ಅವರ ಬಳಿ ಇದ್ದದ್ದು ನಾಲ್ಕು ಜೊತೆ ತಾಳ, ಒಂದು ದಮ್ಮಡಿ. ಅಂದಿನಿಂದ ಅವಳ ಕಣ್ಣು ಪೇಟಿಯ ಮೇಲೆ.

"ಅಲ್ರಿ, ಆ ಪೇಟಿ ವಾರಗಟ್ಲೆ ಗೂಡಿನ್ಯಾಗ ನಿದ್ದಿ ಹೊಡಿತೈತಿ. ಮಂಗಳವಾರ ಒಂದಿನ ನಮಗ ಕೊಟ್ರ ಸವದು ಹೋಗತೈತೇನು?"

"ಅದು ಮೇಳದ ಪೇಟಿ."

"ನಮ್ಮದೇನು ಸಂತ್ಯೇನು?"

"ನೀವು ಹಾಡೂದು ಸೋಬಾನದ ಪದ. ಅದಕ್ಕ ಪೇಟಿ ಯಾಕ ಬೇಕು? ಸಂಗೀತ ಅಂದ್ರ ತಂತ್ರ ಇರಬೇಕು, ಶೈಲಾ, ತಂತ್ರ."

ಶೈಲಜಾ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಹಾಡಬೇಕಾದ್ರ ಉಸಿರು ಎಲ್ಲಿ ಕದೀಬೇಕು ಅನ್ನೂದು ಗೊತ್ತಿದ್ರ ಸಾಕು. ಬೀಸೂಕಲ್ಲು ತಿರುಗಿಸಿಕೋತ ಹಾಡಿದವರಿಗೆ ಅದು ತಾನ ಬರತೈತಿ. ಅತ್ತೀನ ಕೇಳ್ರಿ ಬೇಕಾದ್ರ," ಎಂದಳು.

ಅತ್ತಿ ಎಂದರೆ ನನ್ನ ಹೆತ್ತ ತಾಯಿ ಗುರುಲಿಂಗಮ್ಮ. ಅವ್ವ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬೀಸುವ ಪದದಿಂದ ಸಂಗೀತಶಾಸ್ತ್ರ ಕಲಿಯುವಷ್ಟು ನಾನು ಕೆಳಗಿಳಿದಿರಲಿಲ್ಲವಾದ್ದರಿಂದ ಕೇಳಲು ಹೋಗಲಿಲ್ಲ.

ಅಷ್ಟರಲ್ಲಿ ಕುಷ್ಟಗಿಯಲ್ಲಿ ಭಜನಾ ಸ್ಪರ್ಧೆಯ ಸುದ್ದಿ ಬಂತು. ಈ ಸಲ ಗಂಡಸರು, ಹೆಂಗಸರು ಎಂಬ ಭೇದವಿಲ್ಲ. ಅದರ ಮೇಲೆ ಸವಾಲು-ಜವಾಬು. ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಹಾಕಬೇಕು. ಎದುರಿನ ಮೇಳ ಅದೇ ಧಾಟಿಯಲ್ಲಿ, ನಿಂತ ನಿಲುವಿನಲ್ಲೇ ಪದ ಕಟ್ಟಿ ಉತ್ತರ ಕೊಡಬೇಕು. ಹಿಮ್ಮೇಳ ಎರಡು ಸಲ ಹೇಳಿದ ಸವಾಲನ್ನು ಬ್ರಹ್ಮ ಬಂದರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಒಂದೊಂದು ಊರಿನ ಎರಡು ಮೇಳಗಳನ್ನು ಮೊದಲು ಎದುರುಬದುರು ಕೂರಿಸುತ್ತಾರಂತೆ. ಅಂದರೆ ನನ್ನ ಎದುರಿಗೆ ಶೈಲಜಾ.

"ಗೆದ್ದವರದು ಪೇಟಿ," ಎಂದೆ ನಾನು, ಮೀಸೆ ಮೇಲೆ ಕೈಯಾಡಿಸಿ. "ಅವ್ವಾ, ನೀನ ಸಾಕ್ಷಿ."

ಅವ್ವ ಬೆಳ್ಳುಳ್ಳಿ ಕೆಳಗಿಟ್ಟಳು. "ನಿಮ್ಮಪ್ಪನ ಪೇಟಿ ಮ್ಯಾಲ ಪಣ ಕಟ್ಟತೀಯೇನೋ ತಮ್ಮಾ? ಆಮ್ಯಾಲ ಮಾತು ತಿರುಗಿಸಬಾರದು ನೋಡು."

"ಗಂಡಸು ಅದೀನವ್ವಾ," ಎಂದೆ. (ಈ ವಾಕ್ಯವನ್ನು ನಾನು ಜೀವನದಲ್ಲಿ ಮೂರು ಸಲ ಹೇಳಿದ್ದೇನೆ. ಮೂರೂ ಸಲ ನಷ್ಟವಾಗಿದೆ.)

ಮರುದಿನದಿಂದಲೇ ನನ್ನ ಸಾಧನೆ ಶುರುವಾಯಿತು. ಗುರು ನನ್ನ ಮೊಬೈಲು. ಜಗತ್ತಿನಲ್ಲಿ ಜನ ಹೇಗೆಲ್ಲ ಹಾಡುತ್ತಾರೆಂದು ನೋಡಿ ನಾನು ದಂಗಾದೆ. ಒಂದು ದೇಶದ ದಪ್ಪನೆಯ ಮನುಷ್ಯನೊಬ್ಬ ಹೊಟ್ಟೆಯಿಂದ ಉಸಿರೆಳೆದು, ಮೈಕಿಲ್ಲದೆ ಇಡೀ ನಾಟಕಶಾಲೆಯನ್ನು ನಡುಗಿಸುತ್ತಿದ್ದ. ಇನ್ನೊಬ್ಬ ಹಿಮದ ಗುಡ್ಡದ ಮೇಲೆ ನಿಂತು, ಎದೆಯ ದನಿಯಿಂದ ಹೆಣ್ಣುದನಿಯಂಥ ತೆಳ್ಳನೆಯ ಕಳ್ಳದನಿಗೆ, ಕಳ್ಳದನಿಯಿಂದ ಎದೆಯ ದನಿಗೆ ಟಣ್ಣನೆ ಹಾರುತ್ತಿದ್ದ. ಮೈತುಂಬ ಹಚ್ಚೆ ಹಾಕಿಸಿಕೊಂಡವನೊಬ್ಬ ಗಂಟಲಿನ ತಳದಿಂದ ಗೊರ್ರೆಂದು ಗುಟುರು ಹಾಕಿದರೆ ಎದುರಿಗಿದ್ದ ಸಾವಿರಾರು ಜನ ಕುಣಿಯುತ್ತಿದ್ದರು. ಮಂಗೋಲಿಯಾದವನಂತೂ ಒಂದೇ ಗಂಟಲಲ್ಲಿ ಏಕಕಾಲಕ್ಕೆ ಎರಡು ದನಿ ತೆಗೆಯುತ್ತಿದ್ದ. ಇಷ್ಟೆಲ್ಲವನ್ನೂ ನಮ್ಮ ಭಜನೆಗೆ ಬೆರೆಸಿದರೆ ಕುಷ್ಟಗಿ ತಾಲೂಕು ತಡೆದುಕೊಂಡೀತೇ ಎಂದು ನನಗೆ ನಿಜಕ್ಕೂ ಚಿಂತೆಯಾಯಿತು.

ಹೊಟ್ಟೆಯ ಉಸಿರು ಕಲಿಯಲು ಅಂಗಾತ ಮಲಗಿ ಹೊಟ್ಟೆಯ ಮೇಲೆ ಭಾರ ಇಟ್ಟುಕೊಳ್ಳಬೇಕು. ನಾನು ಅಂಗಡಿಯಲ್ಲೇ ಮಲಗಿ ಐದು ಕಿಲೋ ತೊಗರಿ ಬೀಜದ ಚೀಲ ಹೇರಿಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದೆ. ಊಟದ ಡಬ್ಬಿ ತಂದ ಅವ್ವ ನನ್ನನ್ನು ನೋಡಿ, ಡಬ್ಬಿ ಬಿಸಾಕಿ, ಬೀದಿಗೆಲ್ಲ ಕೇಳುವಂತೆ ಗೋಳಾಡಿಬಿಟ್ಟಳು. ನಾಲ್ಕು ಜನ ಓಡಿಬಂದು ಚೀಲ ಎತ್ತಿ ಮುಖಕ್ಕೆ ನೀರು ಹೊಡೆದರು. ಆಕೆಯ ಆ ಒಂದು ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳಿತ್ತಂತೆ. ಅವ್ವನಿಗೆ ಇಂಥ ದನಿ ಇದೆಯೆಂಬುದು ಅಂದೇ ನನಗೆ ಹೊಳೆಯಬೇಕಿತ್ತು.

ತುಟಿ ಬುರ್ರೆನಿಸುವ ಅಭ್ಯಾಸ ಮಾಡಿದಾಗ ಎದುರುಮನೆಯವರು ಟ್ರ್ಯಾಕ್ಟರ್ ಚಾಲೂ ಆಗಲಿಲ್ಲವೇ ಎಂದು ಕೇಳಿದರು. ಗುಟುರು ಹಾಕಿದ ದಿನ ಓಣಿಯ ನಾಯಿಗಳು ನಮ್ಮ ಕಟ್ಟೆಯ ಮುಂದೆ ಸಭೆ ಸೇರಿದವು. ಮಂಗೋಲಿಯಾದ ಜೋಡಿದನಿಗೆ ಕೈ ಹಾಕಿದಾಗ ಶೈಲಜಾ ಮಾತ್ರ ಬಾಗಿಲಿಗೆ ಬಂದು ನಿಂತಳು.

"ಏನ್ರೀ ಅದು?"

"ಒಂದ ಗಂಟಲದಾಗ ಎರಡು ದನಿ."

"ಒಂದನ್ನ ತಾಳಿಕೊಳ್ಳೂದ ಆಗವಲ್ದು ನಮಗ," ಎಂದು ಒಳಗೆ ಹೋದಳು. ಹೋಗುವಾಗ ಒಂದು ಲೋಟ ಬಿಸಿನೀರು ಇಟ್ಟು ಹೋದಳು. ನಾನು ಅದನ್ನು ಎದುರಾಳಿಯ ಭಯವೆಂದು ತಿಳಿದೆ.

ಈ ನಡುವೆ ಅವ್ವನಿಗೆ ಮೊಣಕಾಲು ನೋವು ಹೆಚ್ಚಾಯಿತು. ದಿನಾ ಸಂಜೆ ಎಣ್ಣೆ ತಿಕ್ಕಿಸಿಕೊಳ್ಳಲು ದ್ರಾಕ್ಷಾಯಿಣಿಯ ಮನೆಗೆ ಹೋಗತೊಡಗಿದಳು. ಶೈಲಜಾ ಜೊತೆಗೆ ಹೋಗಿ ಕೈ ಹಿಡಿದು ಕರೆತರುತ್ತಿದ್ದಳು. ಅತ್ತೆ-ಸೊಸೆಯ ಈ ಅಕ್ಕರೆ ಕಂಡು ನಾನು ಕಣ್ಣೊರೆಸಿಕೊಂಡೆ. (ಹೌದು, ನಾನು ಅಷ್ಟು ದಡ್ಡ.)

ನನ್ನ ನಿಜವಾದ ತೊಂದರೆ ಹಿಮ್ಮೇಳದ್ದು. ಏಳು ಜನ. ಅವರಲ್ಲಿ ಮುಖ್ಯನಾದವನು ಕುರಿ ಸಾಕುವ ದ್ಯಾಮಣ್ಣ. ಅವನದು ಬಾವಿಯೊಳಗಿಂದ ಬಂದಂಥ ದನಿ. ನಾನು ಕಳ್ಳದನಿಗೆ ಹಾರಿ 'ಗುರುವೇಏಏ' ಎಂದರೆ, ಅವರು ಅಪ್ಪನ ಕಾಲದ ಹಳೆಯ ಧಾಟಿಯಲ್ಲೇ 'ಗುರುವೇ' ಎಂದು ಮುಗಿಸಿಬಿಡುತ್ತಿದ್ದರು. ನಾನು ಗುಟುರು ಹಾಕಿದರೆ ದ್ಯಾಮಣ್ಣ ಹಾಡು ನಿಲ್ಲಿಸಿ "ಹುಷಾರಿಲ್ಲೇನ್ರಿ ಸಾವ್ಕಾರ?" ಎಂದು ಕೇಳುತ್ತಿದ್ದ.

ನನ್ನ ಸಿಟ್ಟು ನೆತ್ತಿಗೇರಿತು. "ನೋಡ್ರಿ, ಇನ್ನ ಮ್ಯಾಲ ನಾ ಹಾಡಿದ್ಹಂಗ ಹಾಡ್ರಿ. ನನ್ನ ಬಾಯಿಂದ ಏನು ಬರತೈತಿ ಅದು, ಹೆಂಗ ಬರತೈತಿ ಹಂಗ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ."

"ನೀವು ಕೆಮ್ಮಿದ್ರರಿ?" ಎಂದ ದ್ಯಾಮಣ್ಣ.

"ಕೆಮ್ಮಿದ್ರೂ ಕೆಮ್ಮಬೇಕು. ತಬಲಾ ಮುಟ್ಟಿ ಆಣಿ ಮಾಡ್ರಿ."

ತಬಲಾದ ಉಮರಸಾಬ ತನ್ನ ವಾದ್ಯವನ್ನು ಮುಂದಕ್ಕೆ ಸರಿಸಿದ. ಏಳೂ ಜನ ಮುಟ್ಟಿ ಆಣೆ ಮಾಡಿದರು. ದ್ಯಾಮಣ್ಣ ಆಡಿದ ಮಾತಿಗೆ ತಪ್ಪದ ಮನುಷ್ಯ. ಅಂಥವನಿಂದ ಆಣೆ ಮಾಡಿಸಬಾರದಿತ್ತು.

ಸ್ಪರ್ಧೆಯ ಭಾನುವಾರ ಬೆಳಿಗ್ಗೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿ ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಡಿಯಿತು. ಹೆಂಗಸರ ಮೇಳವೂ ಅದೇ ಬಸ್ಸಿನಲ್ಲಿ ಬಂದಿತ್ತು. "ಗಂಟಲ ಕೆಡತೈತಿ, ಬ್ಯಾಡ್ರಿ," ಎಂದಳು ಶೈಲಜಾ. ಎದುರಾಳಿಯ ಮಾತು ಕೇಳುವುದುಂಟೇ? ಎರಡು ತಿನ್ನಬೇಕೆಂದಿದ್ದವನು ನಾಲ್ಕು ತಿಂದೆ.

ಸಮುದಾಯ ಭವನ ಕಿಕ್ಕಿರಿದಿತ್ತು. ತೀರ್ಪುಗಾರರು ಶ್ರೀರಾಮನಗರದ ತೆಲುಗು ಮನೆಮಾತಿನ ಗೋವಿಂದರಾಜ ಮಾಸ್ತರು, ಹಾರ್ಮೋನಿಯಂ ಕಲಿಸಿಯೇ ತಲೆ ನರೆತವರು. ಮೊದಲ ಸವಾಲು ನಮ್ಮದು. ಅದಕ್ಕೂ ಮುಂಚೆ ಒಂದು ಗುರುಸ್ತುತಿ. ನಾನು ಪೇಟಿಯ ಬೆನ್ನು ತಟ್ಟಿ, ಹೊಟ್ಟೆಯಿಂದ ಉಸಿರೆಳೆದು ಎತ್ತಿದೆ:

"ಹರಕು ಜೋಳಿಗಿ ಹೊಲದು ಕೊಡೋ ಗುರುವೇ..."

ಹಿಮ್ಮೇಳ ಚೊಕ್ಕಟವಾಗಿ ಹೇಳಿತು. ಸಭೆ ತಲೆದೂಗಿತು. ಈಗ ನನ್ನ ಬ್ರಹ್ಮಾಸ್ತ್ರ ಎಂದುಕೊಂಡು 'ಗುರುವೇ'ಯನ್ನು ಎದೆಯಿಂದ ಎತ್ತಿ ಕಳ್ಳದನಿಗೆ ಹಾರಿಸಿದೆ. ಅದು ಹಾರಿತು, ಆದರೆ ಎಲ್ಲಿಯೂ ಇಳಿಯಲಿಲ್ಲ. ನಾಲ್ಕು ಮಿರ್ಚಿ ಅಡ್ಡ ಬಂದವು. ಗಂಟಲಿನಿಂದ ಎಣ್ಣೆ ಕಾಣದ ಬಾಗಿಲಿನಂತೆ 'ಕಿರ್ರ್' ಎಂಬ ಶಬ್ದ ಹೊರಟಿತು.

ಹಿಂದಿನಿಂದ ಏಳು ಜನ ಒಕ್ಕೊರಲಿನಿಂದ 'ಕಿರ್ರ್' ಎಂದರು. ಎರಡು ಸಲ.

ನಾನು ಹಿಂದಕ್ಕೆ ತಿರುಗಿ ಮೆಲ್ಲಗೆ, "ನೀರ ತರ್ರೋ, ಗಂಟಲ ಕಟ್ಟೇತೋ," ಎಂದೆ. ದುರ್ದೈವದಿಂದ ಪೇಟಿಯ ಮೇಲಿದ್ದ ನನ್ನ ಬೆರಳು ಅದೇ ಧಾಟಿಯಲ್ಲಿತ್ತು.

"ನೀರ ತರ್ರೋ, ಗಂಟಲ ಕಟ್ಟೇತೋ," ಎಂದು ಹಿಮ್ಮೇಳ ಭಕ್ತಿಯಿಂದ ಹಾಡಿತು. ಉಮರಸಾಬ ಕೊನೆಗೆ ಒಂದು ಚಂದದ ಮುಕ್ತಾಯವನ್ನೂ ಬಾರಿಸಿದ.

"ಅದನ್ನ ಹಾಡಬ್ಯಾಡ್ರೋ."

"ಅದನ್ನ ಹಾಡಬ್ಯಾಡ್ರೋ..."

"ಬಾಯಿ ಮುಚ್ಚೋ ದ್ಯಾಮಣ್ಣಾ."

"ಬಾಯಿ ಮುಚ್ಚೋ ದ್ಯಾಮಣ್ಣಾ," ಎಂದು ಏಳು ಜನ ಹಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ, ಕಣ್ಣು ಮುಚ್ಚಿ ಹಾಡುತ್ತಿದ್ದವನು ದ್ಯಾಮಣ್ಣನೇ.

ಸಭೆಯಲ್ಲಿ ಕೂತವರು ಕೂತಲ್ಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಗೋವಿಂದರಾಜ ಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಬಾಗುಂದಿ, ಭಾಳ ಬಾಗುಂದಿ. ಹಿಮ್ಮೇಳ ಎರಡು ಸಲ ಹೇಳೇತಿ, ಸವಾಲು ನಿಂತತಿ. ಗಂಡಸರ ಮೇಳ ನೀರು ಕೇಳೇತಿ. ಹೆಣ್ಣುಮಕ್ಕಳ ಮೇಳ ಜವಾಬು ಕೊಡಬೇಕು," ಎಂದು ಘೋಷಿಸಿದರು.

ಶೈಲಜಾ ಎದ್ದು ನಿಂತಳು. ಕಿವಿಗೆ ಕೈ ಹಚ್ಚಿ, ಯಾವ ಗುಟುರೂ ಇಲ್ಲದೆ, ಸಲೀಸಾಗಿ ಎತ್ತಿದಳು:

"ನೀರ ತುಂಬಿಟ್ಟೀನಿ ಕೊಡಪಾನದಾಗ, ಸ್ವಾಮಿ,
ಲೋಟ ಎಲ್ಲೈತಿ ಗೊತ್ತೇನು ನಿಮಗ?"

ಅವಳ ಹಿಂದಿನ ಹೆಂಗಸರು ಅದನ್ನು ಎರಡು ಪಾಲಾಗಿ ಹಾಡಿದರು. ಒಂದು ಗುಂಪಿನ ಉಸಿರು ಮುಗಿಯುವ ಮುಂಚೆ ಇನ್ನೊಂದು ಗುಂಪು ಎತ್ತಿಕೊಳ್ಳುತ್ತಿತ್ತು. ಎಲ್ಲಿಯೂ ಸಂದು ಕಾಣಲಿಲ್ಲ. ಹೊಟ್ಟೆಯ ಮೇಲೆ ತೊಗರಿ ಇಟ್ಟುಕೊಂಡು ಮಲಗಿದರೂ ನನಗೆ ಸಿಗದ ಉಸಿರು ಅದು.

"ಹದಿನೆಂಟು ವರ್ಷಾತು ಈ ಮನಿಗಿ ಬಂದು,
ಎದ್ದು ನೀರು ಕುಡದಿಲ್ಲ ಇವರು ಎಂದೂ.
ಸುಳ್ಳು ಅಂದವರು ಕೇಳ್ರಿ ನಮ್ಮತ್ತೀನ,
ತಾಳ ಹಿಡಕೊಂಡು ಕುಂತಾಳ ಇಲ್ಲೇನ."

ಆಗ ದ್ರಾಕ್ಷಾಯಿಣಿಯ ಮರೆಯಿಂದ ಒಂದು ಬಿಳಿ ತಲೆ ಮೇಲೆದ್ದಿತು. ಕೈಯಲ್ಲಿ ತಾಳ, ಹಣೆಯಲ್ಲಿ ವಿಭೂತಿ. ನನ್ನ ಹೆತ್ತ ತಾಯಿ. ಮೊಣಕಾಲು ನೋವಿನ ನನ್ನ ಅವ್ವ. ಬಸ್ಸಿನಲ್ಲಿ ಅವಳು ಹಾಡು ಕೇಳಲು ಬರುತ್ತಿದ್ದಾಳೆಂದು ತಿಳಿದು ನಾನೇ ಕಿಟಕಿಯ ಸೀಟು ಹಿಡಿದುಕೊಟ್ಟಿದ್ದೆ. ಅವಳು ಬಸ್ ಸ್ಟ್ಯಾಂಡಿನವರೆಗೆ ಕೇಳುವ ಅದೇ ದನಿಯಲ್ಲಿ ಏರಿಸಿದಳು:

"ಖರೇನ ಐತ್ರೆಪ್ಪಾ, ಇವ ನನ್ನ ಮಗ,
ಹಾಸಿಗಿ ಮಡಚಿಲ್ಲ ಇನ್ನೂ ಒಮ್ಮಿಗ."

ಹೆಂಗಸರು ಇದನ್ನು ಎರಡು ಸಲ ಹೇಳಿದರು. ಮೂರನೆಯ ಸಲ ಸಭೆಯೇ ಹೇಳಿತು.

ಮಾಸ್ತರು ನನ್ನ ಕಡೆ ಕೈ ತೋರಿಸಿ, "ಸಾವ್ಕಾರ್ರ, ನಿಮ್ಮ ಮರುಜವಾಬು," ಎಂದರು. ಪೇಟಿ ಉಳಿಸಿಕೊಳ್ಳಲು ಅದೊಂದೇ ದಾರಿ. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಇನ್ನಷ್ಟು ತೆರೆದೆ. ಏನೂ ಇಲ್ಲ. ಹಿಂದಿರುಗಿ ನೋಡಿದರೆ ಏಳು ಜನರೂ ಬಾಯಿ ಅಗಲಿಸಿಕೊಂಡು ಸದ್ದಿಲ್ಲದೆ ಕೂತಿದ್ದರು. ದ್ಯಾಮಣ್ಣನದು ಎಲ್ಲರಿಗಿಂತ ಅಗಲ.

ಆಮೇಲೆ ಹೇಳುವಂಥದ್ದೇನೂ ಇಲ್ಲ. ಶೈಲಜಾ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟು, "ಸಾವಕಾಶ ಕುಡೀರಿ," ಎಂದಳು. ಇನ್ನೊಂದು ಕೈಯಿಂದ ಪೇಟಿಯನ್ನು ತನ್ನ ಕಡೆ ಎಳೆದುಕೊಂಡಳು. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವನು ನಾನೇ, ಏಕೆಂದರೆ ಗೆದ್ದವರ ಕೈತುಂಬ ಶಾಲು, ಹಾರ. ದ್ಯಾಮಣ್ಣನ ಮೇಲೆ ಹಾರಾಡಿದೆ. ಅವನು ನೊಂದುಕೊಂಡು, "ಆಣಿ ಮಾಡಿಸಿದವರು ನೀವ ಅಲ್ರಿ ಸಾವ್ಕಾರ? ನೀವು ಬಾಯಿ ಮುಚ್ಚಿದ್ರ ನಾನೂ ಮುಚ್ಚತಿದ್ದೆ," ಎಂದ.

ಪೇಟಿ ಇಲ್ಲದ ಮುಂದಾಳಿಗೆ ಮೇಳವೆಲ್ಲಿ? ಈಗ ಮಂಗಳವಾರ ನಮ್ಮ ಮನೆಯಲ್ಲೇ ಹೆಂಗಸರ ತಾಲೀಮು. ತಗ್ಗಿನ ದನಿಯೊಂದು ಬೇಕೆಂದು ಅವ್ವ ಅಪ್ಪಣೆ ಮಾಡಿದ್ದರಿಂದ ನಾನು ಹಿಮ್ಮೇಳದ ಕೊನೆಯ ಸಾಲಿನಲ್ಲಿ ಕೂರುತ್ತೇನೆ. ನಿಯಮ ನನ್ನದೇ. ಮುಂದಾಳಿನ ಬಾಯಿಂದ ಬಂದದ್ದನ್ನು ಹಾಗೆಯೇ ಹೇಳಬೇಕು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ನನಗೆ ಎಷ್ಟು ರೂಢಿಯಾಗಿದೆ ಎಂಬುದು ನಿನ್ನೆ ಬೆಳಿಗ್ಗೆಯೇ ನನಗೆ ಗೊತ್ತಾದದ್ದು.

ಶೈಲಜಾ ಅಡುಗೆಮನೆಯಿಂದ, "ಜ್ವಾಳ ಬೀಸಿಕೊಂಡು ಬರ್ರಿ," ಎಂದಳು.

"ಜ್ವಾಳ ಬೀಸಿಕೊಂಡು ಬರ್ರಿ," ಎಂದೆ ನಾನು. ಎರಡು ಸಲ. ಆಮೇಲೆ ಡಬ್ಬಿ ಎತ್ತಿಕೊಂಡು ಗಿರಣಿಗೆ ಹೋದೆ.