ಅತ್ತೆ, ಸಮುದ್ರ ಮತ್ತು ಮೂರು ಲೆನ್ಸು

ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಒಂದು ಕ್ಯಾಮೆರಾ ಕಲಿಯುವುದು ಏನು ಮಹಾ ಎಂದು ನಾನು ತಿಳಿದಿದ್ದೆ. ಇಡೀ ಹಾವೇರಿಯಲ್ಲಿ ಹಾಗೆ ತಿಳಿದವನು ನಾನೊಬ್ಬನೇ ಎಂಬುದು ಆಮೇಲೆ ಗೊತ್ತಾಯಿತು.

ತೊಂಬತ್ತರ ಆಸುಪಾಸಿನ ಒಂದು ದೀಪಾವಳಿ ರಜೆ. ಮುಂಬಯಿಯಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿ ಶಕುಂತಲಾಳ ತಮ್ಮ, "ಅವ್ವನ್ನ ಕರಕೊಂಡ ಬರ್ರಿ, ಲಾಂಚಿನ್ಯಾಗ ಕುಂದರಿಸಿ ಸಮುದ್ರದಿಂದ ಊರು ತೋರಸೋಣು" ಎಂದು ಕಾಗದ ಬರೆದಿದ್ದ. ಅವ್ವ ಎಂದರೆ ಬ್ಯಾಡಗಿಯಲ್ಲಿದ್ದ ನನ್ನ ಅತ್ತೆ ಗಂಗವ್ವ. ಅವರು ಹುಟ್ಟಿದಾಗಿನಿಂದ ಸಮುದ್ರ ನೋಡಿದವರಲ್ಲ. ಅವರ ಬೇಡಿಕೆ ಒಂದೇ ಒಂದು.

"ಅಳಿಯಂದ್ರ, ಸಮುದ್ರದಾಗ ನಂದೊಂದು ಫೋಟೋ ಹೊಡೀರಿ. ಹಿಂದ ಆ ದೊಡ್ಡ ಗೇಟ್‌ವೇ ಕಾಣಬೇಕು. ಕರ್ಜಗಿ ಅಕ್ಕಗ ತೋರಸಬೇಕು."

ಕರ್ಜಗಿಯ ನೀಲವ್ವ ಅತ್ತೆಯ ಅಕ್ಕ. ತಾಜಮಹಲಿನ ಮುಂದೆ ಅವರು ನಿಂತ ಫೋಟೋ ಇಪ್ಪತ್ತು ವರ್ಷದಿಂದ ಅವರ ಪಡಸಾಲೆಯಲ್ಲಿ ತೂಗುತ್ತಿತ್ತು. ಬಂದವರಿಗೆಲ್ಲ ಆಗ್ರಾದ ಬಿಸಿಲನ್ನು ವರ್ಣಿಸುತ್ತಿದ್ದರು. ಪಾಪ, ನಮ್ಮ ಅತ್ತೆ ಇಪ್ಪತ್ತು ವರ್ಷ ಆ ಬಿಸಿಲು ಕೇಳಿಕೊಂಡು ಬಂದಿದ್ದರು.

ಕ್ಯಾಮೆರಾ ಕೇಳಲು ಹಾವೇರಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಬಾಬುಸಾಬರ ಬಳಿಗೆ ಹೋದೆ. ಅವರು ಕ್ಯಾಮೆರಾದ ಜೊತೆಗೆ ಒಂದು ಲೆನ್ಸು ಕೊಟ್ಟರು.

"ಸರ್, ಈ ಸಾದಾ ಲೆನ್ಸ್ ಒಂದ ಸಾಕ್ರಿ. ಮನಷ್ಯಾರ ಕಣ್ಣಿಗೆ ಹೆಂಗ ಕಾಣ್ತೈತಿ, ಹಂಗ ಬರ್ತೈತಿ."

"ಕಣ್ಣಿಗೆ ಕಂಡಂಗ ಬರೂದಾದ್ರ ಕ್ಯಾಮೆರಾ ಯಾಕ ಬೇಕ್ರಿ, ಬಾಬುಸಾಬ?"

ಬಾಬುಸಾಬರು ಮರ್ಯಾದಸ್ಥರು. ಅಗಲವಾದ ನೋಟ ಹಿಡಿಯುವ ಒಂದು ಗಿಡ್ಡ ಲೆನ್ಸನ್ನು ಕಪಾಟಿನಿಂದ ತೆಗೆದುಕೊಟ್ಟರು. ದೂರದ್ದನ್ನು ಹತ್ತಿರ ಎಳೆಯುವ ಉದ್ದ ಲೆನ್ಸನ್ನು ರಾಣೆಬೆನ್ನೂರಿನ ಪರಿಚಯದವರಿಂದ ತರಿಸಿಕೊಟ್ಟರು. ನಾನು ಗ್ರಾಫ್ ಹಾಳೆಯ ಮೇಲೆ ಯೋಜನೆ ಸಿದ್ಧಪಡಿಸಿದೆ. ಐದನೇ ನಿಮಿಷ ಹಡಗುಗಳು, ಉದ್ದ ಲೆನ್ಸು. ಹದಿನೈದನೇ ನಿಮಿಷ ಅತ್ತೆ ಮತ್ತು ಗೇಟ್‌ವೇ, ಗಿಡ್ಡ ಲೆನ್ಸು. ಸಾದಾ ಲೆನ್ಸಿಗೆ ಇಡೀ ಹಾಳೆಯಲ್ಲಿ ಒಂದು ನಿಮಿಷವೂ ಸಿಗಲಿಲ್ಲ.

ಇನ್ನು ಉಳಿದದ್ದು ಸಾಗಾಣಿಕೆ. ರೈಲಿನ ಕುಲುಕಾಟಕ್ಕೆ ಲೆನ್ಸು ಒಡೆದರೆ? ಆಗಲೇ ಅತ್ತೆ ಮಗನಿಗಾಗಿ ತಂದಿದ್ದ ಒಣಮೆಣಸಿನಕಾಯಿಯ ಚೀಲ ನನ್ನ ಕಣ್ಣಿಗೆ ಬಿತ್ತು. ಹಗುರ, ಮೆತ್ತಗೆ, ಒತ್ತಿದರೆ ಒಳಗೆ ಹೋಗುತ್ತದೆ! ಮೂರೂ ಲೆನ್ಸುಗಳನ್ನು ಅದರ ನಟ್ಟನಡುವೆ ಹುಗಿದೆ.

"ಏನ್ ಮಾಡಾಕತ್ತೀರಿ? ಅದು ಮೆಣಸಿನಕಾಯಿ ರೀ, ಹಾಸಗಿ ಅಲ್ಲ!" ಎಂದಳು ಶಕುಂತಲಾ.

"ಬ್ಯಾಡಗಿಯಾಕಿ ಆಗಿ ಇಷ್ಟ ಗೊತ್ತಿಲ್ಲೇನ? ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ."

ನಾಲಿಗೆಗೆ ಕಡಿಮೆ, ನಿಜ. ಕಣ್ಣಿಗೆ ಆ ರಿಯಾಯಿತಿ ಇಲ್ಲ!

ಮುಂಬಯಿಯಲ್ಲಿ ಭಾವಮೈದುನ ನಮ್ಮನ್ನು ಲಾಂಚು ಹತ್ತಿಸಿ ಡ್ಯೂಟಿಗೆ ಹೋದ. ದೋಣಿಯ ಕುಲುಕಾಟಕ್ಕೂ ಇರಲಿ ಎಂದು ಎರಡು ಹಿಡಿ ಮೆಣಸಿನಕಾಯಿ ಉಳಿಸಿಕೊಂಡೇ ಆ ಚೀಲವನ್ನು ಹೆಗಲಿಗೆ ಹಾಕಿದ್ದೆ. ಐದನೇ ನಿಮಿಷ ಯೋಜನೆಯಂತೆ ಉದ್ದ ಲೆನ್ಸು ಸಿಕ್ಕಿಸಿದೆ. ಕಂಡದ್ದು ಹಡಗಲ್ಲ. ನಡುವೆ ಬಂದ ಅತ್ತೆಯ ಮೂಗುತಿ! ಹಿಂದೆ ಸರಿಯೋಣವೆಂದರೆ ಹಿಂದೆ ಸಮುದ್ರ. ಸರಿ, ಮೂಗುತಿಯನ್ನೇ ನಾಲ್ಕು ಸಲ ಹೊಡೆದೆ.

ಆಮೇಲೆ ಗಿಡ್ಡ ಲೆನ್ಸು. ಅದನ್ನು ತಿರುವಿ ಕೂರಿಸುವಷ್ಟರಲ್ಲಿ ಲಾಂಚು ತಿರುಗಿ, ಗೇಟ್‌ವೇ ದೂರ ಸರಿದು ಬೆಂಕಿಪೊಟ್ಟಣದಷ್ಟಾಗಿತ್ತು. ಅಷ್ಟರಲ್ಲಿ ನನ್ನ ಬೆರಳಿಗೆ ಅಂಟಿದ್ದ ಕೆಂಪು ಪುಡಿ ಕಣ್ಣಿಗೂ ಮೂಗಿಗೂ ಹತ್ತಿತು. ಒಂದು ಸೀನು. ಎರಡು ಸೀನು. ಗಾಳಿ ಬೇರೆ, ಚೀಲದ ಬಾಯಿ ಬೇರೆ ತೆರೆದಿತ್ತು. ಪಕ್ಕದ ಗುಜರಾತಿ ಕುಟುಂಬ ಸೀನಿತು. ಅವರ ಹಿಂದಿನ ಬೆಂಚು ಸೀನಿತು. ಒಂದೊಂದು ಸೀನಿಗೂ ನನ್ನ ಬೆರಳು ಕ್ಯಾಮೆರಾದ ಗುಂಡಿ ಒತ್ತುತ್ತಲೇ ಇತ್ತು. ಲಾಂಚಿನವನು ನನಗೆ ಅಲೆಯ ಕುಲುಕಾಟಕ್ಕೆ ವಾಂತಿ ಬರುತ್ತಿದೆ ಎಂದು ತಿಳಿದು, ಕುತ್ತಿಗೆ ಹಿಡಿದು ಕಟಾಂಜನದ ಮೇಲೆ ಬಗ್ಗಿಸಿ, ಕೈಗೊಂದು ನಿಂಬೆಹಣ್ಣು ಕೊಟ್ಟ. ಗಣಿತದ ಮಾಸ್ತರನೊಬ್ಬನಿಗೆ ಸಾರ್ವಜನಿಕವಾಗಿ ಸಂದ ಅತ್ಯುನ್ನತ ಗೌರವ ಅದು.

ಲಾಂಚು ಮರಳಿ ದಡದತ್ತ ಬಂತು. ಗೇಟ್‌ವೇ ಹತ್ತಿರವಾಯಿತು. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು, ನಾನು ಎಂದೂ ಕಂಡಿರದ ಒಂದು ನಗು ನಕ್ಕರು. ಆ ನಗು ನೋಡಿ ನನಗೆ ನಿಜವಾಗಿಯೂ ಭಯವಾಯಿತು. ಇದೊಂದು ತಪ್ಪಬಾರದು!

"ಅವ್ವ ಛಲೋ ನಿಂತಾಳ, ಲಗೂ ತಗೀರಿ!" ಎಂದಳು ಶಕುಂತಲಾ, ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡೇ.

ಚೀಲದಲ್ಲಿ ಉಳಿದಿದ್ದ ಸಾದಾ ಲೆನ್ಸನ್ನು ತಡಕಾಡಿ ತೆಗೆದು ಸಿಕ್ಕಿಸಿದೆ. ಕಣ್ಣಿಟ್ಟರೆ ಬರೀ ಕತ್ತಲೆ. ಉರಿಯುವ ಕಣ್ಣಿಗೆ ಇನ್ನೇನು ಕಂಡೀತು ಎಂದುಕೊಂಡು, ಅಂದಾಜಿನ ಮೇಲೆ ಅತ್ತೆಯ ದಿಕ್ಕಿಗೆ ಹಿಡಿದು, ರೀಲು ಮುಗಿಯುವವರೆಗೂ ಒತ್ತಿದೆ. ಹನ್ನೆರಡು ಸಲ! ಅತ್ತೆ ಹನ್ನೆರಡು ಸಲವೂ ನಕ್ಕರು.

ಹಾವೇರಿಗೆ ಬಂದು, ಅತ್ತೆಯನ್ನೂ ಶಕುಂತಲಾಳನ್ನೂ ಕರೆದುಕೊಂಡು ಸ್ಟುಡಿಯೋಗೆ ಹೋಗಿ ರೀಲು ತೊಳೆಸಿದೆ. ಬಾಬುಸಾಬರು ಮೂಗುತಿ, ಆಕಾಶ, ಗುಜರಾತಿ ಕುಟುಂಬದ ಸೀನು ಇವನ್ನೆಲ್ಲ ಒಂದೊಂದಾಗಿ ಮೇಜಿನ ಮೇಲಿಟ್ಟರು. ಕೊನೆಗೆ ರೀಲಿನ ತುದಿಯನ್ನು ಬೆಳಕಿಗೆ ಹಿಡಿದರು. ಅಲ್ಲಿ ಏನೂ ಇರಲಿಲ್ಲ.

"ಲೆನ್ಸಿನ ಮುಚ್ಚಳ ತಗದಿದ್ರೇನ್ರಿ, ಸರ್?"

ನಾನು ಉತ್ತರಿಸುವ ಮೊದಲೇ ಅತ್ತೆ ಮೆಲ್ಲಗೆ ಹೇಳಿದರು, "ಇಲ್ಲರೀ ಬಾಬುಸಾಬ, ಮುಚ್ಚಳ ಹಂಗ ಇತ್ತು. ನಾ ನೋಡಿದ್ನಿ."

"ಮತ್ತ ಹೇಳಬಾರದೇನವ್ವಾ?" ಎಂದು ಶಕುಂತಲಾ ಚೀರಿದಳು.

"ಅಳಿಯಂದ್ರಿಗೆ ಹೆಂಗ ಹೇಳೂದವ್ವ? ಕಲತವ್ರು. ಹಂಗ ತಗಿಯೂದು ಏನರ ಇರಬೇಕಂತ ಸುಮ್ನಿದ್ನಿ."

ನೆಲ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಅತ್ತೆಯ ಮುಖ ಬಾಡಿದ್ದನ್ನು ನೋಡಲಾಗದೆ ಬಾಬುಸಾಬರು ಒಳಗಿನಿಂದ ಚಿತ್ರ ಬರೆದ ಒಂದು ಪರದೆ ತಂದು ಬಿಚ್ಚಿದರು. ನೀಲಿ ಸಮುದ್ರ, ಹಡಗು, ಒಂದು ತೆಂಗಿನ ಮರ. ಅದರ ಮುಂದೆ ಅತ್ತೆಯನ್ನು ನಿಲ್ಲಿಸಿ, ಲೆನ್ಸಿನ ಮುಚ್ಚಳ ತೆಗೆದು, ನನಗೊಮ್ಮೆ ತೋರಿಸಿ ಜೇಬಿಗೆ ಹಾಕಿಕೊಂಡು, ಸಾದಾ ಲೆನ್ಸಿನಲ್ಲಿ ಒಂದೇ ಸಲ ಒತ್ತಿದರು. ಎಷ್ಟು ಛಂದ ಬಂತೆಂದರೆ ನನಗೆ ಸಿಟ್ಟೇ ಬಂತು.

ಫೋಟೋ ಬ್ಯಾಡಗಿಯ ಗೋಡೆ ಏರಿತು. ಮುಂದಿನ ವಾರವೇ ಕರ್ಜಗಿಯಿಂದ ನೀಲವ್ವ ಬಂದರು. ನಾವೂ ಅಲ್ಲಿದ್ದೆವು. ಅವರು ಕನ್ನಡಕ ಏರಿಸಿ ನೋಡಿದರು.

"ಗಂಗಿ, ಇದು ಹಾವೇರಿ ಬಾಬುಸಾಬನ ಪರದೆ! ಅವನ ಸ್ಟುಡಿಯೋದಾಗ ನನ್ನ ತಾಜಮಹಲಿನ ಬಾಜೂಕ ತೂಗಿಬಿಟ್ಟಿದ್ದ!"

ಇಪ್ಪತ್ತು ವರ್ಷದ ಆಗ್ರಾದ ಬಿಸಿಲು ಒಂದೇ ಮಾತಿಗೆ ಇಳಿದುಹೋಯಿತು. ಆದರೆ ನೀಲವ್ವನಿಗೆ ಅದರ ಪರಿವೆಯೇ ಇರಲಿಲ್ಲ. "ಹಂಗಾದ್ರ ನೀ ಸಮುದ್ರಕ್ಕ ಹೋಗೇ ಇಲ್ಲ!" ಎಂದು ನಗತೊಡಗಿದರು.

ಅತ್ತೆ ನನ್ನತ್ತ ನೋಡಿದರು. ನಿಜ ಹೇಳಿದರೆ ಅಳಿಯನ ಮಾನ ಹೋಗುತ್ತದೆ. ಹೇಳದಿದ್ದರೆ ಕಂಡ ಸಮುದ್ರ ಹೋಗುತ್ತದೆ. ಅವರು ತಲೆ ತಗ್ಗಿಸಿ, "ಹೌದ ಬಿಡಕ್ಕ, ಪರದೇನ" ಎಂದುಬಿಟ್ಟರು.

ನಾನು ಎದ್ದು ನಿಂತೆ. ಮೆಣಸಿನಕಾಯಿ, ಮೂಗುತಿ, ನಿಂಬೆಹಣ್ಣು, ಮುಚ್ಚಳ, ಹನ್ನೆರಡು ಸಲ, ಎಲ್ಲ ಒಪ್ಪಿಸಿದೆ. ನೀಲವ್ವ ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ತಂಗಿಯ ಕೈ ಹಿಡಿದರು.

"ಹಂಗಾದ್ರ ಖರೇನ ಹೋಗೀದಿ ಬಿಡ. ಇಂಥಾದ್ದು ಯಾರಿಗೂ ಕಟ್ಟಿ ಹೇಳಾಕ ಆಗೂದಿಲ್ಲ!"

ಅತ್ತೆಯ ಮುಖದಲ್ಲಿ ಲಾಂಚಿನ ಆ ನಗು ಮತ್ತೆ ಮೂಡಿತು. ಆ ಕ್ಷಣದಲ್ಲೂ ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೂ ಏನು ಮಹಾ ಆಗುತ್ತಿತ್ತು!

ಅಂದಿನಿಂದ ನಾನು ಬ್ಯಾಡಗಿಗೆ ಹೋದಾಗಲೆಲ್ಲ, ಮನೆಗೆ ಯಾರೇ ಬರಲಿ, ಗೋಡೆಯ ಫೋಟೋವನ್ನು ಅನುಮಾನದಿಂದ ನೋಡತೊಡಗಿದ ಕೂಡಲೇ ಅತ್ತೆ ನನ್ನನ್ನು ಕರೆಯುತ್ತಾರೆ. "ಅಳಿಯಂದ್ರ, ಆ ಮುಚ್ಚಳದ್ದೊಂದಿಷ್ಟು ಹೇಳ್ರಿ." ನಾನು ಎದ್ದು ನಿಂತು ಹೇಳುತ್ತೇನೆ. ಬಂದವರು ಫೋಟೋ ಬಿಟ್ಟು ನನ್ನ ಮುಖ ನೋಡುತ್ತಾರೆ. ತಕ್ಷಣ ನಂಬಿಬಿಡುತ್ತಾರೆ!