ಫ್ಯಾನ್ ನಿಂತ ವಾರ

ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಉಳಿದ ಎಲ್ಲದರ ಬಗ್ಗೆಯೂ ಇತ್ತು. ದೇವರು, ಡಾಕ್ಟರು, ಹವಾಮಾನ ವರದಿ, ಹೆಂಡತಿ ಹೇಳುವ ಹತ್ತಿರದ ದಾರಿ, ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದೆಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಆದ್ದರಿಂದ ಹೂಸ್ಟನ್ನಿನ ನಮ್ಮ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್‌ನ ಫ್ಯಾನ್ ಎಂದಿಗಿಂತ ಜೋರಾಗಿ ಭೋರ್ಗರೆಯತೊಡಗಿದಾಗ ನಾನು ಕಿಂಚಿತ್ತೂ ವಿಚಲಿತನಾಗಲಿಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್. ಮಾಡಿದವನು ಒಂದು ಫ್ಯಾನಿಗೆ ಹೆದರುವುದುಂಟೆ?

"ಏನ್ರಿ ಅದು, ವಿಮಾನ ಹಾರಸಾಕತ್ತೀರೇನು?" ಎಂದು ಶೈಲಾ ಅಡುಗೆಮನೆಯಿಂದ ಕೇಳಿದಳು. ನನ್ನ ಹೆಂಡತಿ ಟೆಕ್ಸಸ್ಸಿಗೆ ಬಂದು ಎಷ್ಟೋ ವರ್ಷವಾಯಿತು. ಅವಳ ಮಾತು ಇನ್ನೂ ಹುಬ್ಬಳ್ಳಿ ಬಿಟ್ಟು ಹೊರಟಿಲ್ಲ.

"ಧೂಳು ಕೂತಿರತ್ತೆ. ಐದು ನಿಮಿಷದ ಕೆಲಸ," ಎಂದೆ.

ವ್ಯಾಕ್ಯೂಮ್ ಕ್ಲೀನರ್ ತಂದು ಲ್ಯಾಪ್‌ಟಾಪಿನ ತಳಕ್ಕೆ ಹಿಡಿದೆ. ಧೂಳು ಬರಲಿಲ್ಲ. ರಬ್ಬರ್ ಕಾಲೊಂದು ಕಿತ್ತು ಬಂದು ಕ್ಲೀನರಿನೊಳಗೆ ಹೋಯಿತು. ಕುಂಟತೊಡಗಿದ ಯಂತ್ರಕ್ಕೆ ಆಸರೆಯೂ ಆಗಲಿ, ಅಡಿಯಿಂದ ಗಾಳಿಯೂ ಸಿಗಲಿ ಎಂದು ತೂತಿನ ಇಡ್ಲಿ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದೆ.

"ಅಲ್ರೀ, ನಾಳಿ ಇಡ್ಲಿ ಬೇಯಸ್ಲೋ, ಲ್ಯಾಪ್‌ಟಾಪ್ ಬೇಯಸ್ಲೋ?"

ಸದ್ದು ಹೆಚ್ಚಾಯಿತು. ಆಗ ನನ್ನ ತನಿಖೆ ಹೆಂಡತಿಯ ಕಡೆಗೆ ತಿರುಗಿತು. ಇಂಟರ್‌ನೆಟ್ಟಿನಲ್ಲಿ ಯಾವ ಯಾವ ಸೀರಿಯಲ್ ನೋಡುತ್ತೀಯ, ನೋಡುವಾಗ ಏನೇನು ಒತ್ತುತ್ತೀಯ ಎಂದು ವಿಚಾರಣೆ ನಡೆಸಿದೆ. ಅವಳು ಉತ್ತರ ಕೊಡದೆ ಎದ್ದುಹೋದಳು. ಅದನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಲಾಯಿತು.

ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಯಾವ ಪ್ರೋಗ್ರಾಂ ಎಷ್ಟು ಪ್ರೊಸೆಸರ್ ಬಳಸುತ್ತಿದೆಯೆಂದು ತೆರೆದು ನೋಡಿದೆ. ತಲೆಬುಡವಿಲ್ಲದ ಹೆಸರಿನದೊಂದು ಇಡೀ ಪ್ರೊಸೆಸರನ್ನು ನುಂಗಿ ಕೂತಿತ್ತು. ನಾನು ಹಾಕಿದ್ದಲ್ಲ. ಹಾಗಾದರೆ ವೈರಸ್. ಬೇರುಸಮೇತ ಕಿತ್ತುಹಾಕಿದೆ.

ಫ್ಯಾನ್ ನಿಂತಿತು. ಆ ವಾರವೆಲ್ಲ ಎನರ್ಜಿ ಕಾರಿಡಾರ್ ಎಂಬ ತೈಲ ಕಂಪನಿಗಳ ಬಡಾವಣೆಯ ನನ್ನ ಆಫೀಸಿನಲ್ಲಿ ಯುದ್ಧ ಗೆದ್ದವನ ಹಾಗೆ ಓಡಾಡಿದೆ.

ಶನಿವಾರ ಬೆಳಿಗ್ಗೆ ಟೆಕ್ಸಸ್ಸಿನದೇ ಇನ್ನೊಂದು ಊರಾದ ಲಿಯಾಂಡರ್‌ನಿಂದ ನಸ್ರೀನ್ ಫೋನ್ ಮಾಡಿದಳು. ಗೆಳೆಯ ಇಮ್ತಿಯಾಜನ ಹೆಂಡತಿ. ದಾವಣಗೆರೆಯ ಇಮ್ತಿಯಾಜ್ ಮತ್ತು ನಾನು ಓದುವಾಗ ರಿಚರ್ಡ್‌ಸನ್ ಎಂಬ ಊರಿನಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವರು. ಅವನು ಸದಾ ಮನೆಯ ಕೀ ಕಳೆಯುತ್ತಿದ್ದ. ರೈಲಿಳಿದು ಬಂದು ಇಬ್ಬರೂ ಬಾಗಿಲ ಮುಂದೆ ಮ್ಯಾನೇಜರಿಗಾಗಿ ಕಾಯುತ್ತ ಕೂರುತ್ತಿದ್ದೆವು. ಇದು ನನಗೆ ನಿನ್ನೆ ನಡೆದಷ್ಟು ಸ್ಪಷ್ಟ. ಎರಡು ವರ್ಷದ ಹಿಂದೆ ಹೂಸ್ಟನ್ನಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ.

"ಮೂರ್ತಿ ಅಣ್ಣ, ಹುಷಾರಾಗಿದ್ದೀರಾ?"

"ಇದ್ದೀನಮ್ಮ. ಯಾಕೆ?"

"ನಿಮ್ಮ ಕಂಪ್ಯೂಟರ್ ನಿಂತುಬಿಟ್ಟಿದೆಯಲ್ಲ, ಅದಕ್ಕೆ."

ನನ್ನ ಕಂಪ್ಯೂಟರ್ ನಿಂತದ್ದು ಲಿಯಾಂಡರ್‌ನಲ್ಲಿ ಹೇಗೆ ಗೊತ್ತಾಯಿತು? ಅವಳು ಹೇಳುತ್ತ ಹೋದಳು. ಇಮ್ತಿಯಾಜ್ ಆಸ್ಪತ್ರೆಯಲ್ಲಿದ್ದಾಗ ಅವನ ಲ್ಯಾಪ್‌ಟಾಪಿಗೂ ನನ್ನದಕ್ಕೂ ನಾನೇ ಹಾಕಿದ ಪ್ರೋಗ್ರಾಂ ಅದು. ಕಂಪ್ಯೂಟರಿನಲ್ಲಿ ನಾವು ಬಳಸದೆ ಉಳಿದ ಶಕ್ತಿಯಿಂದ ಅದು ಯಾವುದೋ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗಾಗಿ ಲೆಕ್ಕ ಮಾಡುತ್ತದೆ, ಅವನಿಗಿದ್ದಂಥ ಕಾಯಿಲೆಗೆ ಔಷಧ ಹುಡುಕುವ ಲೆಕ್ಕ. ಗೆಳೆಯರದೊಂದು ತಂಡ. ಯಾರ ಕಂಪ್ಯೂಟರ್ ಕೆಲಸ ಮಾಡಿತೆಂದು ಇಂಟರ್‌ನೆಟ್ಟಿನಲ್ಲಿ ದಿನವೂ ಕಾಣುತ್ತದೆ.

"ಬೆಳಿಗ್ಗೆ ಚಾ ಕುಡೀತಾ ನೋಡ್ತೀನಿ ಅಣ್ಣ. ಮೊದಲು ಸುಮಾರು ಜನ ಇದ್ರು. ಒಬ್ಬೊಬ್ರೇ ಬಿಟ್ರು. ನೀವು ಮಾತ್ರ ಬಿಟ್ಟಿರ್ಲಿಲ್ಲ. ಅವರನ್ನ ನೆನೆಸ್ಕೊಳ್ಳೋರು ಇನ್ನೊಬ್ರು ಇದ್ದಾರಲ್ಲ ಅಂತ ಒಂದು ಧೈರ್ಯ."

"ಅದು... ರಿಪೇರಿ ಮಾಡ್ತಿದ್ದೆ ಕಣಮ್ಮ. ಇವತ್ತೇ ಶುರು ಮಾಡ್ತೀನಿ," ಎಂದೆ.

ಫೋನಿಟ್ಟು ನೆನಪಿಸಿಕೊಳ್ಳಲು ಕೂತೆ. ಆಸ್ಪತ್ರೆಯ ಪಾರ್ಕಿಂಗ್ ನೆನಪಿತ್ತು. ಅಲ್ಲಿನ ಮೆಷಿನ್ನಿನ ಕೆಟ್ಟ ಕಾಫಿಯೂ ನೆನಪಿತ್ತು. ಇದೊಂದು ಇರಲಿಲ್ಲ. ಪುರಾವೆಗಾಗಿ ಶೈಲಾಳನ್ನು ಕೇಳಿದೆ.

"ಹೌದ್ರಿ, ನೀವ ಹಾಕಿದ್ರಿ. ನಾ ಬಾಜೂಕ ಕುಂತಿದ್ದೆ. ಅಳಕೋತ ಹಾಕಿದ್ರಿ."

"ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ನಾ ಯಾವ ಸೀರಿಯಲ್ ನೋಡ್ತೀನಂತ."

ಪ್ರೋಗ್ರಾಮನ್ನು ಮತ್ತೆ ಹಾಕಿದೆ. ಅದು ತಂಡದ ಹೆಸರು ಕೇಳಿತು. ನಸ್ರೀನಳನ್ನು ಕೇಳುವಂತಿರಲಿಲ್ಲ, ಕೇಳಿದರೆ ಅವಳ ಆ ಒಂದು ಧೈರ್ಯವೂ ಹೋಗುತ್ತದೆ. 'ಇಮ್ತಿಯಾಜ್' ಎಂದು ಹೊಡೆದೆ. ಇಲ್ಲ. 'ದಾವಣಗೆರೆ'. ಇಲ್ಲ. 'ಬೆಣ್ಣೆ ದೋಸೆ'. ಇಲ್ಲ. 'ರಿಚರ್ಡ್‌ಸನ್' ಎಂದಾಗ ಯಾವುದೋ ಹೈಸ್ಕೂಲ್ ಹುಡುಗರ ತಂಡ ನನ್ನನ್ನು ಆದರದಿಂದ ಬರಮಾಡಿಕೊಂಡಿತು. ಅಲ್ಲಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು.

"ಫೋನ್ ಮಾಡಿ ಕೇಳ್ರಿ," ಎಂದಳು ಶೈಲಾ. "ನಾಳಿ ಚಾ ಕುಡಿಯೂಮುಂದ ಆಕಿ ಮತ್ತ ನೋಡ್ತಾಳ."

ಮಾಡಿದೆ. "ನಸ್ರೀನ್, ತಂಡದ ಹೆಸರು ನಂಗೆ ನೆನಪಿಲ್ಲ. ಹಾಕಿದ್ದೂ ನೆನಪಿರ್ಲಿಲ್ಲ. ವೈರಸ್ ಅಂತ ನಾನೇ ಕಿತ್ತುಹಾಕಿದ್ದು."

ಆ ಕಡೆಯಿಂದ ನಗು ಕೇಳಿಸಿತು. ಇಮ್ತಿಯಾಜ್ ಹೋದಮೇಲೆ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅಥವಾ ಕೇಳಿ ಮರೆತಿದ್ದೆ.

"'ಮೂರ್ತಿ ಕೀ ಎಲ್ಲಿ'. ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ. ಅವರೇ ಇಟ್ಟಿದ್ದು. ರಿಚರ್ಡ್‌ಸನ್‌ನಲ್ಲಿ ಬಾಗಿಲ ಮುಂದೆ ನಿಂತು ದಿನಾ ನಿಮ್ಮನ್ನ ಕೇಳ್ತಿದ್ರಂತಲ್ಲ. ನೀವು ಕಳೆದೂ ಕಳೆದೂ ಸಾಕಾಗಿ ಹೋಗಿತ್ತಂತೆ."

ಕಳೆಯುತ್ತಿದ್ದವನು ಅವನು ಎಂದು ವಾದಿಸಲು ಬಾಯಿ ತೆರೆದೆ. ಜಗಳವಾಡಬೇಕಾದವನು ಇರಲಿಲ್ಲ. ಮುಚ್ಚಿದೆ.

"ಮೂರ್ತಿ ಮರೆತ್ರೂ ಅವನ ಲ್ಯಾಪ್‌ಟಾಪ್ ಮರೆಯಲ್ಲ ಬಿಡು ಅಂತಿದ್ರು ಅಣ್ಣ," ಎಂದಳು ನಸ್ರೀನ್. ಆಗ ಅವಳು ನಗುತ್ತಿರಲಿಲ್ಲ.

ಹೆಸರು ಹೊಡೆದೆ. ಫ್ಯಾನ್ ಮೆಲ್ಲಗೆ ಸುಯ್ಗುಟ್ಟಿ, ಆಮೇಲೆ ಹಳೆಯ ಗಂಟಲಿನಲ್ಲೇ ಭೋರ್ಗರೆಯಿತು. ಲ್ಯಾಪ್‌ಟಾಪನ್ನು ಒಳಕೋಣೆಗೆ ಒಯ್ದು, ಅದರ ಕೆಳಗೆ ಇಡ್ಲಿ ತಟ್ಟೆ ಇಟ್ಟು, ಬಾಗಿಲು ಎಳೆದುಕೊಂಡೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಶೈಲಾ ಕೂಗಿದಳು: "ಏನ್ರಿ, ಇಡ್ಲಿ ತಟ್ಟಿ ಎಲ್ಲಿಟ್ಟೀರಿ?"

"ನೆನಪಿಲ್ಲ," ಎಂದೆ.

ಪುರಾವೆ ಕೇಳದೆ ನಂಬಿದಳು.