ಬೀಡಿ ಕಟ್ಟಿನ ಪಕ್ಕದ ಎದೆ

ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ನಾನು ಇ.ಸಿ.ಜಿ. ತೆಗೆಯುವವಳು. ಎದೆಗೆ ಜೆಲ್ಲಿ ಹಚ್ಚಿ, ತಂತಿ ಸಿಕ್ಕಿಸಿ, ಹೃದಯ ಹೇಗೆ ಬಡಿಯುತ್ತಿದೆ ಎಂಬುದನ್ನು ಕಾಗದದ ಮೇಲೆ ಇಳಿಸುವುದು ನನ್ನ ಕೆಲಸ. ಅಳುವವರ ಮಧ್ಯೆ ಕೂತರೂ ನಗು ಬರುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನಕ್ಕ ಮೇಲೆ ಸಿಟ್ಟು ಬರುತ್ತದೆ, ಅದು ಬೇರೆ ಮಾತು.

ಅಂಗಿಯ ನಾಚಿಕೆ

ಹಡಗಲಿ ಕಡೆಯ ಒಬ್ಬ ಅಜ್ಜ ಎದೆ ಡವಡವ ಅನ್ನುತ್ತದೆ ಎಂದು ಬಂದಿದ್ದ. ಅಂಗಿ ತೆಗೆಯಲು ಹೇಳಿದರೆ ಎರಡೂ ಕೈಯಿಂದ ಎದೆ ಮುಚ್ಚಿಕೊಂಡ. ಹೆಣ್ಣುಮಗಳ ಮುಂದೆ ನಾಚಿಕೆಯಾಗಿರಬೇಕು ಎಂದುಕೊಂಡು, "ನಾನು ನಿಮ್ಮ ಮೊಮ್ಮಗಳಿದ್ದಂಗ, ತೆಗೀರಿ ಅಜ್ಜಾ" ಎಂದೆ. ಅಜ್ಜ ಬಾಗಿಲ ಕಡೆ ಒಮ್ಮೆ ನೋಡಿ, ಎಡಜೇಬಿನಿಂದ ಬೀಡಿ ಕಟ್ಟು, ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟ.

"ಹೊರಗ ಮಗ ನಿಂತಾನ, ಕಂಡ್ರ ಕಸಗೊಂತಾನ. ಆ ಜೆಲ್ಲಿ ತಾಗಿ ಒದ್ದಿ ಆಗದಂಗ ನೋಡವ್ವ."

"ಸೇದೋದು ಬಿಟ್ಟೀನಿ ಅಂತ ಈಗ ಡಾಕ್ಟರ ಮುಂದ ಹೇಳಿದ್ರಲ್ಲ?"

"ಬಿಟ್ಟೀನವ್ವ. ಆಸ್ಪತ್ರಿ ಒಳಗ ಬಂದಾಗಿಂದ ಒಂದೂ ಸೇದಿಲ್ಲ."

ಸಮಾಧಾನ

ಕೂಡ್ಲಿಗಿಯ ಲಾರಿ ಡ್ರೈವರ್ ಒಬ್ಬನ ಬಡಿತ ವಿಪರೀತ ಜೋರಿತ್ತು. ಗಾಬರಿಗೆ ಹಾಗಾಗಿರಬಹುದೆಂದು, "ಹೊರಗ ಕುಂತು ಸ್ವಲ್ಪ ಸಮಾಧಾನ ಮಾಡ್ಕೊಂಡು ಬರ್ರಿ" ಎಂದು ಕಳಿಸಿದೆ. ತಿರುಗಿ ಬಂದಾಗ ಬಡಿತ ಇನ್ನೂ ಏರಿತ್ತು. ಬಾಯಿ ತೆರೆದರೆ ಸಿಗರೇಟಿನ ವಾಸನೆ.

"ಸಿಗರೇಟ್ ಸೇದಿ ಬಂದ್ರೇನು?"

"ನೀವ ಹೇಳಿದ್ರಲ್ಲ ಮೇಡಂ, ಸಮಾಧಾನ ಮಾಡ್ಕೊಂಡು ಬರ್ರಿ ಅಂತ." ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ, "ಒಂದು ಸಾಲಲಿಲ್ಲೇನ್ರಿ?"

ಇವನ್ಯಾರು ಬಾರಿಸೋನು?

ಹೊರಗಿನವರ ಮಾತಾಯಿತು, ಮನೆಯದನ್ನೂ ಕೇಳಿ. ಅವ್ವನ ತಮ್ಮ, ನನ್ನ ಸೋದರಮಾವ, ಕೋಗಳಿ ಹತ್ತಿರದ ಹಳ್ಳಿಯವನು. ಕುರಿ ಸಾಕಿಕೊಂಡಿದ್ದ. ಡೊಳ್ಳು ಹಿಡಿದರೆ ಸುತ್ತಲ ಊರುಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಪ್ಪ ಇಲ್ಲದ ನನ್ನನ್ನು ಓದಿಸಿದವನೂ ಅವನೇ. ಬೀಡಿ ಮಾತ್ರ ಅವನ ತುಟಿಯಿಂದ ಇಳಿಯುತ್ತಿರಲಿಲ್ಲ.

ತಲೆ ಸುತ್ತಿ ಬಿದ್ದನೆಂದು ಒಂದು ದಿನ ಅತ್ತೆ ಕರೆದುಕೊಂಡು ಬಂದಳು. ನಾನೇ ತಂತಿ ಹಚ್ಚಿದೆ. ಕಾಗದದ ಮೇಲೆ ಬಡಿತದ ಗೆರೆಗಳು ಒಮ್ಮೆ ಹತ್ತಿರ ಬಂದರೆ ಒಮ್ಮೆ ದೂರ, ಒಂದಕ್ಕೊಂದು ಸಂಬಂಧವಿಲ್ಲ. ಬೀಡಿ ಸೇದುವುದನ್ನು ಬಿಡದಿದ್ದರೆ ಈ ಹೃದಯ ಯಾವಾಗ ಬೇಕಾದರೂ ಕೈಕೊಡುತ್ತದೆ ಎಂದರು ಡಾಕ್ಟರು. ಮಾವ ನಂಬಲಿಲ್ಲ. ಅವರು ಸ್ಟೆತಸ್ಕೋಪನ್ನು ಅವನ ಕಿವಿಗೇ ಹಾಕಿ, ಇನ್ನೊಂದು ತುದಿಯನ್ನು ಅವನ ಎದೆಗಿಟ್ಟರು.

ಮಾವ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಬಡಿಯುತ್ತಾ ಕೇಳಿದ. ಸ್ವಲ್ಪ ಹೊತ್ತಿಗೇ ಬೆರಳು ತಡವರಿಸಿ ನಿಂತಿತು. ಹುಬ್ಬು ಗಂಟಿಕ್ಕಿಕೊಂಡು ಹೇಳಿದ, "ಇವನ್ಯಾರ್ರೀ ಬಾರಿಸೋನು? ಇಂಥವನ್ನ ನಮ್ಮ ಮೇಳದಾಗ ಒಂದು ದಿನಾನೂ ಇಟಗೊಳ್ಳಂಗಿಲ್ಲ."

ಆವಿಯ ಔಷಧ

ಅವಮಾನವಾಗಿತ್ತೋ ಏನೋ, ಮಾವ ಬೀಡಿ ನಿಜವಾಗಿಯೂ ಬಿಟ್ಟ. ನಾವೆಲ್ಲ ಹಿಗ್ಗಿದೆವು. ಆದರೆ ಮುಂದಿನ ಸಲ ಬಂದಾಗ ಎದೆ ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಅಡ್ಡಾದಿಡ್ಡಿಯಾಗಿ ಹೊಡೆದುಕೊಳ್ಳುತ್ತಿತ್ತು. ಬಾಯಿಂದ ಮಾವಿನಹಣ್ಣಿನ ವಾಸನೆ ಬೇರೆ, ಅದೂ ಮಾವು ಸಿಗದ ಕಾಲದಲ್ಲಿ. ಏನು ಕೊಡುತ್ತಿದ್ದೀ ಎಂದು ಅತ್ತೆಯನ್ನು ಕೇಳಿದೆ. ಅವಳು ಚೀಲದಿಂದ ಪೆನ್ನಿನಂಥದ್ದೊಂದನ್ನು ತೆಗೆದಳು.

"ಆವಿ ಎಳಕೊಳ್ಳೋ ಔಷಧವ್ವ. ಮೇಳದ ಗೆಳೆಯ ದಾವಣಗೆರಿಯಿಂದ ತಂದುಕೊಟ್ಟಾನ."

ಅದು ಇ-ಸಿಗರೇಟು. ಮಾರಬಾರದೆಂದು ಸರ್ಕಾರ ಹೇಳಿದ ವಸ್ತು ಎಲ್ಲಿ ಸಿಕ್ಕಿತು ಎಂದರೆ, ಮಾರಬಾರದ್ದೆಲ್ಲ ಸಿಗುವ ಕಡೆ. ಬೀಡಿಯಲ್ಲಿರುವ ನಿಕೋಟಿನ್ನೇ ಅದರಲ್ಲೂ ಇರುತ್ತದೆ, ವಾಸನೆ ಮಾತ್ರ ಹಣ್ಣಿನದು. ನಾನು ಮಾವನ ಮುಖ ನೋಡಿದೆ, ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ಅತ್ತೆ ಪಾಪ, ತನ್ನದೇ ತಪ್ಪೇನೋ ಎಂದು ಹೆದರಿದ್ದಳು.

"ಒಂದು ಹೊತ್ತೂ ತಪ್ಪಿಸಿಲ್ಲವ್ವ. ಅವರು ಮರೆತ್ರೂ ನಾನ ಬೈದು ಎಳಸೀನಿ. ಕರೆಂಟ್ ಹೋದ್ರ ಸೋಲಾರ್ ಇದ್ದ ಮನಿಗೆ ಒಯ್ದು ಚಾರ್ಜ್ ಹಾಕಿಸ್ಕೊಂಡು ಬಂದೀನಿ."

ಹಾಲುತುಪ್ಪ

ಅತ್ತೆ ಆ ಪೆನ್ನನ್ನು ಒರಳಿಗೆ ಹಾಕಿ ಜಜ್ಜಿದಳು. ಮಾವ ಮತ್ತೆ ಬೀಡಿಗೆ ಬಂದ. "ಒಂದಕ್ಕ ಏನಾಗ್ತೈತಿ" ಎಂದು ಮೇಳದ ಗೆಳೆಯರು ಹಚ್ಚಿ ಹಚ್ಚಿ ಕೊಟ್ಟರು. ಒಂದು ಸಂಜೆ ಗುಡಿಕಟ್ಟೆಯ ಮೇಲೆ ಅವರ ನಡುವೆ ಕೂತಲ್ಲೇ ಒರಗಿದ. ಆಸ್ಪತ್ರೆಗೆ ತಂದಾಗ ನನ್ನ ಮಶೀನು ನೇರ ಗೆರೆ ಎಳೆಯಿತು. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ಮಾವ ಬದುಕಿದ್ದಾಗ ಒಮ್ಮೆಯೂ ಕೊಟ್ಟಿರಲಿಲ್ಲ.

ಮೂರನೇ ದಿನ ಹಾಲುತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಣ್ಣು ಮಾಡಿದಲ್ಲಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಮಂಡಕ್ಕಿ, ಮೆಣಸಿನಕಾಯಿ, ಹೋಳಿಗೆ ಬಂದವು. ಬೀಡಿ ಕಟ್ಟೂ ಬಂತು. ನಾನು ರೇಗಿ ಬೇಡವೆಂದೆ. "ನಿನ್ನ ಆಸ್ಪತ್ರಿ ಮಾತು ಇಲ್ಲಿ ತರಬ್ಯಾಡವ್ವ," ಎಂದ ಹಿರಿಯನೊಬ್ಬ, "ಇನ್ನೇನು ಎದಿ ಕೆಡೋದು ಉಳಿದೈತಿ?"

ಬೀಡಿಯನ್ನು ಹಚ್ಚಿಯೇ ಇಡಬೇಕು. ಹೊತ್ತಬೇಕೆಂದರೆ ಯಾರಾದರೂ ಒಂದು ದಮ್ಮು ಎಳೆಯಬೇಕು. ಗೆಳೆಯರೆಲ್ಲ ಒಟ್ಟಿಗೇ ಮುಂದೆ ಬಂದರು. ಹೆಗಲು ಕೊಡಲೂ ಅವರು ಅಷ್ಟು ಬೇಗ ಬಂದಿರಲಿಲ್ಲ.

ಅತ್ತೆ ಎದ್ದಳು. "ನೀವು ಹಚ್ಚಿ ಕೊಟ್ಟಿದ್ದು ಸಾಕು, ಸರೀರಿ" ಎಂದು ಬೆಂಕಿಪೊಟ್ಟಣ ಕಸಿದುಕೊಂಡಳು. ಮನೆಯಲ್ಲಿ ಬೀಡಿ ವಾಸನೆ ಬಂದರೆ ಊಟ ಬಿಟ್ಟು ಏಳುತ್ತಿದ್ದ ಹೆಂಗಸು, ಬೀಡಿಯನ್ನು ತುಟಿಗಿಟ್ಟು ಕಡ್ಡಿ ಗೀರಿದಳು. ಗಾಳಿಗೆ ಆರಿತು. ಮತ್ತೆ ಗೀರಿ ಜೋರಾಗಿ ಎಳೆದಳು. ಕೆಮ್ಮು ಒತ್ತರಿಸಿ ಬಂದು ಕಣ್ಣು ಮೂಗೆಲ್ಲ ನೀರಾಯಿತು. ನೆರೆದವರಿಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ಅವಳು ಬೀಡಿಯನ್ನು ಊದಿನಕಡ್ಡಿಯ ಪಕ್ಕ ಸಿಕ್ಕಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಆ ಹಸಿ ಮಣ್ಣಿನ ಕಡೆ ಬಗ್ಗಿ ಕೇಳಿದಳು:

"ಥೂ, ಇಷ್ಟು ಕಹಿ ಐತಲ್ಲ. ಇದರ ಸಲುವಾಗೇನ್ರಿ ನನ್ನ ಬಿಟ್ಟು ಹೋಗಿದ್ದು?"